ಗೌರಿಗೆ ಮತ್ತೆ ಗೋಧಿ ತಿನ್ನಿಸಿದ್ದು

ಗೌರಿಗೆ ಮೂರು ತುಂಬುವ ಹೊತ್ತಿಗೆ ಹೊಟ್ಟೆ ಉಬ್ಬತೊಡಗಿತು. ಕೈಕಾಲು ಕಡ್ಡಿಯಾದವು. ಭೇದಿ ನಿಲ್ಲುತ್ತಿರಲಿಲ್ಲ. ಜಿಡ್ಡುಜಿಡ್ಡಾಗಿ, ತೀರಾ ಕೆಟ್ಟ ವಾಸನೆ. ದೊಡ್ಡಗಾಜನೂರಿನ ನಮ್ಮ ಮನೆಯಲ್ಲಿ ಎಲ್ಲರಿಗೂ ನೆನಪಾದದ್ದು ಒಬ್ಬನೇ.

ಅವಳ ಅಣ್ಣ ಮಹದೇವ.

ಅವನಿಗೂ ಹೀಗೇ ಆಗಿತ್ತು. ಬಾಲಗ್ರಹ ಎಂದರು, ತಾಯಿತ ಕಟ್ಟಿಸಿದೆವು. ಔಷಧಿ ಕುಡಿಸಿದೆವು. ಕಾಯಿಲೆಯ ಮಕ್ಕಳಿಗೆ ಎಲ್ಲರೂ ಕೊಡುವ ಹಾಗೆ ಹಾಲಿನಲ್ಲಿ ಬ್ರೆಡ್ಡು ಅದ್ದಿ ತಿನ್ನಿಸುತ್ತಿದ್ದೆ. ತಿಂದಷ್ಟೂ ಸೊರಗಿದ. ಒಂದು ಬೆಳಿಗ್ಗೆ ನನ್ನ ತೊಡೆಯ ಮೇಲೆಯೇ ಹೋಗಿಬಿಟ್ಟ.

ಗೌರಿ ಬಾಲವಾಡಿಗೆ ಹೋಗಲಾರದಷ್ಟು ಸೋತಾಗ ಮನೆಯಲ್ಲೇ ಇರಿಸಿಕೊಂಡೆವು. ಅಲ್ಲಿ ಮಕ್ಕಳಿಗೆ ಗೋಧಿ ರವೆಯ ಉಪ್ಪಿಟ್ಟು ಕೊಡುತ್ತಿದ್ದರು. ಮನೆಯಲ್ಲಿ ರಾಗಿ ಅಂಬಲಿ, ಮಜ್ಜಿಗೆ ಅನ್ನ. ಬ್ರೆಡ್ಡು ತರಿಸಲು ನನಗೆ ಮನಸ್ಸಾಗಲಿಲ್ಲ, ಅದನ್ನು ಕಂಡರೆ ಮಹದೇವನೇ ಕಣ್ಣಮುಂದೆ ಬರುತ್ತಿದ್ದ. ನಿಧಾನವಾಗಿ ಭೇದಿ ನಿಂತಿತು. ಜಗಲಿಯಿಂದ ಇಳಿದು ಕೋಳಿಮರಿಗಳ ಹಿಂದೆ ಓಡಿದಳು. ಏಕೆ ಗುಣವಾಯಿತೆಂದು ಯಾರಿಗೂ ತಿಳಿಯಲಿಲ್ಲ. ಆದರೂ ಮುಖಕ್ಕೆ ಕಳೆ ಬರಲಿಲ್ಲ, ಎತ್ತರವೂ ಆಗಲಿಲ್ಲ. ಭಯ ಬಿಡದೆ, ಚಾಮರಾಜನಗರದ ಬಸ್ಸು ಹತ್ತಿ ಮೈಸೂರಿಗೆ ಹೋದೆವು.

ಅಲ್ಲಿನ ಡಾಕ್ಟರಮ್ಮ, ಗೌರಿ ಏನೇನು ತಿನ್ನುತ್ತಾಳೆ, ಏನು ಬಿಟ್ಟಿದ್ದಾಳೆ ಎಂದು ಒಂದೊಂದಾಗಿ ಕೇಳಿದರು. ಆಮೇಲೆ ಹೇಳಿದರು: "ಸೀಲಿಯಾಕ್ ಡಿಸೀಸ್ ಇರಬಹುದು. ಗೋಧಿ ತಿಂದರೆ ಕರುಳು ಒಳಗೊಳಗೇ ಹಾಳಾಗುತ್ತೆ. ಕರುಳಿನ ಟಿಬಿಯೂ ಇರಬಹುದು. ಕರುಳಿನ ಚೂರು ತೆಗೆದು ಬಯಾಪ್ಸಿ ಮಾಡಿದರೇನೇ ಗೊತ್ತಾಗೋದು."

"ಈಗ್ಲೇ ಮಾಡ್ಬುಡಿ ಡಾಕ್ಟ್ರೆ," ಎಂದರು ನನ್ನ ಗಂಡ.

"ಈಗ ಮಾಡಿದರೆ ಉಪಯೋಗವಿಲ್ಲ. ಗೋಧಿ ಬಿಟ್ಟಿದ್ದಾಳಲ್ಲ, ಕರುಳು ವಾಸಿಯಾಗಿರುತ್ತೆ, ಕಾಯಿಲೆ ಇದ್ದರೂ ಕಾಣಿಸೋದಿಲ್ಲ. ಕೆಲವು ವಾರ ದಿನಾ ಗೋಧಿ ತಿನ್ನಿಸಿ ಕರೆದುಕೊಂಡು ಬನ್ನಿ. ತೀರಾ ಸುಸ್ತಾದರೆ ಕಾಯಬೇಡಿ, ತಕ್ಷಣ ಬಂದುಬಿಡಿ."

ಗುಣವಾದ ಮಗುವಿಗೆ ನಾವೇ ಮತ್ತೆ ಕಾಯಿಲೆ ತರಿಸಬೇಕು.

ಸುದ್ದಿ ಕೇಳಿದ ಅತ್ತೆ ಗೌರಿಯನ್ನು ತೊಡೆಗೆ ಎಳೆದುಕೊಂಡರು. "ಎದ್ದು ಓಡಾಡೋ ಕೂಸ್ನ ಮತ್ತ ಮಲುಗ್ಸೀಯವ್ವಾ? ಒಂದ್ನ ಮಣ್ಗ ಕೊಟ್ಟಿದ್ದು ಸಾಲ್ದಾ?" ಟಿಬಿಯಾಗಿದ್ದರೆ ಔಷಧಿಯೇ ಬೇರೆ, ಸುಮ್ಮನಿದ್ದರೆ ಜೀವಕ್ಕೇ ಕುತ್ತು ಎಂದಿದ್ದರು ಡಾಕ್ಟರಮ್ಮ. ಮಹದೇವನ ವಿಷಯದಲ್ಲಿ ಏನೆಂದು ತಿಳಿಯದೆಯೇ ಕಳೆದುಕೊಂಡಿದ್ದೆ. ಇನ್ನೊಮ್ಮೆ ಹಾಗೆ ಕತ್ತಲಲ್ಲಿ ಕೈಯಾಡಿಸುತ್ತಾ ಕೂರುವ ಶಕ್ತಿ ನನ್ನಲ್ಲಿರಲಿಲ್ಲ.

ಗಂಡ ತಾಳವಾಡಿಯಿಂದ ಗೋಧಿ ತಂದರು. ರಾಗಿ ಮುದ್ದೆಯ ಮನೆಯಲ್ಲಿ ಚಪಾತಿ ಎಂದರೆ ಹಬ್ಬ. ಮೊದಮೊದಲು ಗೌರಿ ಬೆಲ್ಲ ಸುತ್ತಿದ ಚಪಾತಿಯನ್ನು ಕುಣಿಯುತ್ತಾ ತಿಂದಳು. ಆಮೇಲೆ ಕುಣಿತ ನಿಂತಿತು. ಹೊಟ್ಟೆ ಮತ್ತೆ ಉಬ್ಬಿತು. ಕೋಳಿಮರಿಗಳು ಕಾಲ ಬಳಿ ಬಂದರೂ ಗೋಡೆಗೆ ಒರಗಿ ಸುಮ್ಮನೆ ನೋಡುತ್ತಿದ್ದಳು.

"ಅವ್ವಾ, ಇದ್ ತಿಂದ್ರ ಒಟ್ಟ ನೋಯ್ತದ."

"ಗೊತ್ತು ಕಣವ್ವ."

"ಗೊತ್ತಿದ್ರೂ ಕೊಟ್ಟೀಯಾ?"

ಡಾಕ್ಟರಮ್ಮ ಹೇಳಿದ್ದಾರೆ ಎಂದೆ. ಆ ವಯಸ್ಸಿನ ಮಗುವಿಗೆ ಡಾಕ್ಟರಮ್ಮ ಯಾರು? ಅವಳಿಗೆ ಕಂಡದ್ದು ನನ್ನ ಕೈ, ಕೈಯಲ್ಲಿದ್ದ ಚಪಾತಿ. ಅತ್ತು, ಕೊನೆಗೆ ನನ್ನ ಮುಖ ನೋಡಿ ಬಾಯಿ ತೆರೆಯುತ್ತಿದ್ದಳು. ಹಟ ಹಿಡಿದು ಬಾಯಿ ಬಿಗಿದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಬಯಾಪ್ಸಿಯ ದಿನ ಸಣ್ಣ ಕೊಳವೆಯ ತುದಿಯಲ್ಲಿದ್ದ, ಚೂರು ಕತ್ತರಿಸುವ ಪುಟ್ಟ ಗುಂಡನ್ನು ಗಂಟಲಿನಲ್ಲಿ ಇಳಿಸಿದರು. ಅವಳ ಕೈ ಅಲ್ಲಾಡದಂತೆ ಹಿಡಿಯಲು ನರ್ಸು ನನಗೇ ಹೇಳಿದರು. ಹಿಡಿದೆ.

ಫಲಿತಾಂಶ ಬಂದಾಗ ಡಾಕ್ಟರಮ್ಮ ಹೇಳಿದರು: "ಸೀಲಿಯಾಕೇ. ಇವತ್ತಿನಿಂದ ಗೋಧಿ, ಮೈದಾ, ರವೆ, ಬ್ರೆಡ್ಡು, ಬಿಸ್ಕತ್ತು ಯಾವುದೂ ಬೇಡ. ಜೀವನಪೂರ್ತಿ. ರಾಗಿ, ಅಕ್ಕಿ ಧಾರಾಳವಾಗಿ ಕೊಡಿ, ಚೇತರಿಸಿಕೊಳ್ತಾಳೆ."

ಬಾಗಿಲವರೆಗೆ ಬಂದವಳು ಹಿಂತಿರುಗಿ ಕೇಳಿದೆ. "ಇವಳ ಅಣ್ಣನಿಗೂ ಇದೇ ಆಗಿತ್ತಾ, ಡಾಕ್ಟ್ರೆ?"

ಅವರು ಪೆನ್ನು ಕೆಳಗಿಟ್ಟರು. "ಇರಬಹುದಮ್ಮ. ಈಗ ಖಂಡಿತವಾಗಿ ಹೇಳೋಕಾಗಲ್ಲ. ನಿಮಗೆ ಗೊತ್ತಾಗೋ ದಾರಿಯೇ ಇರಲಿಲ್ಲ."

ಊರಿಗೆ ಬಂದು ಅತ್ತೆಗೆ ಹೇಳಿದೆ. ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ಕೇಳಿದರು.

"ಅಂಬ್ಲಿ ಕುಡ್ಸಿದ್ರ ಸಾಕಾಗಿತ್ತಾ, ನನ್ನಪ್ಪನ್ಗ?"

ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತೆವು. ಅವನು ಹೋದಾಗಲೂ ಹಾಗೆ ಒಟ್ಟಿಗೆ ಅತ್ತಿರಲಿಲ್ಲ.

ಗೌರಿ ಈಗ ಮೆಲ್ಲಗೆ ಮೈ ತುಂಬಿಕೊಳ್ಳುತ್ತಿದ್ದಾಳೆ. ಭೇದಿ ಇಲ್ಲ. ಆದರೆ ಮೈಸೂರಿನಿಂದ ಬಂದ ಮೇಲೆ ಬಹಳ ದಿನ ನನ್ನ ಕೈಯಿಂದ ಏನನ್ನೂ ಮುಟ್ಟಲಿಲ್ಲ. ಅಜ್ಜಿ ಕೊಟ್ಟರೆ ತಿನ್ನುತ್ತಿದ್ದಳು, ನಾನು ತಟ್ಟೆ ಹಿಡಿದರೆ ಮುಖ ತಿರುಗಿಸುತ್ತಿದ್ದಳು. ನಾನು ಒತ್ತಾಯ ಮಾಡಲಿಲ್ಲ. ಒಂದು ದಿನ ಅತ್ತೆ ಹೊಲಕ್ಕೆ ಹೋಗಿದ್ದಾಗ ಹಸಿವು ತಡೆಯಲಾರದೆ ಒಲೆಯ ಬಳಿ ಬಂದು ಕುಳಿತಳು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಹಿಡಿದೆ.

"ಇದ್ ನೋಯಕಿಲ್ವಾ?"

"ಇಲ್ಲ ಕಣವ್ವ."

ನುಂಗಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಕಾದಳು. ಮತ್ತೆ ಬಾಯಿ ತೆರೆದಳು.

ಈಗಲೂ ಪ್ರತಿ ತುತ್ತಿಗೂ ಕೇಳುತ್ತಾಳೆ. ಪ್ರತಿ ತುತ್ತಿಗೂ ಹೇಳುತ್ತೇನೆ.