ಅಡ್ಮಿನ್ ವೆಂಕಟರಮಣ

ಆ ಮಂಗಳವಾರ ಚಂದ್ರಮ್ಮ ಗಂಡನನ್ನ ಬೈದಿದ್ದಳು. ಬೈಯೋದು ಹೊಸದೇನಲ್ಲ. ಉಪ್ಪಿಟ್ಟು ಆರಿ ಕಲ್ಲಾಗಿತ್ತು, ವೆಂಕಟರಮಣನ ಕಣ್ಣು ಮಾತ್ರ ಫೋನಿನಲ್ಲಿ.

"ಆ ಫೋನಿಗೇ ತಾಳಿ ಕಟ್ಟಬೇಕಿತ್ತು ನೀವು."

"ಅದು ಎದುರು ಮಾತಾಡಲ್ಲ ಕಣೆ" ಅಂದ. ನಕ್ಕ. ಮಧ್ಯಾಹ್ನ ಬೋಟಿನಲ್ಲಿ ಮಟ್ಟಾಂಚೇರಿಗೆ ಹೋಗಿ ಮೆಣಸು, ಇಂಗು ತಂದ. ಸಂಜೆ ಸೊಳ್ಳೆಗೆ ಶಪಿಸಿದ. ಬುಧವಾರ ಬೆಳಿಗ್ಗೆ ಬಚ್ಚಲಲ್ಲಿ ಕುಸಿದ. ಅಷ್ಟೇ.

ಬ್ಯಾಂಕಿನ ಅಟೆಂಡರ್ ಕೆಲಸದಲ್ಲಿ ಮೈಸೂರಿನಿಂದ ಕೊಚ್ಚಿಗೆ ವರ್ಗವಾಗಿ ಬಂದವನು, ರಿಟೈರಾದ ಮೇಲೂ ಅಲ್ಲಿನ ಪಾಲಾರಿವಟ್ಟಂನಲ್ಲೇ ಉಳಿದಿದ್ದ. ಮಗಳು ಪ್ರತೀಕ್ಷಾಗೆ ತಿರುವನಂತಪುರದಲ್ಲಿ ಕೆಲಸ. ಅವಳ ರೈಲು ಬರೋದಕ್ಕೆ ಮೊದಲೇ ಕನ್ನಡದವರ ವಾಟ್ಸಾಪ್ ಗ್ರೂಪಿನವರು ಬಂದರು. ಪುರೋಹಿತರನ್ನ ಹುಡುಕಿದ್ದೂ ಅವರೇ. ಬಾಡಿಗೆ ಮನೆಯ ಮೆಟ್ಟಿಲು ಕಿರಿದು. ಹೆಣ ಇಳಿಸುವಾಗ ಮುಂದೆ ಮೋಹನ ಹಿಡಿದಿದ್ದ, ಹಿಂದೆ ವಿಕಾಸ್.

ಹದಿನಾಲ್ಕನೇ ದಿನ ಅದೇ ಇಬ್ಬರು ಅದೇ ಗ್ರೂಪಿನಲ್ಲಿ ಕಿತ್ತಾಡಿಕೊಂಡರು.

ಎಲೆಕ್ಷನ್ ಕಾಲ. ಮೋಹನ ಒಂದು ಜನಾಂಗವನ್ನ ಹೀನಾಯವಾಗಿ ಆಡಿಕೊಳ್ಳುವ ವಿಡಿಯೋ ಹಾಕಿದ್ದ. ಕೆಳಗೆ ವಿಕಾಸ್ ಬರೆದಿದ್ದ. ಚಂದ್ರಮ್ಮ ನಾಲ್ಕನೇ ಕ್ಲಾಸು. ಗಂಡನ ಫೋನಿನಲ್ಲಿ ಬೆರಳಿಟ್ಟು ಓದಿದಳು. "ನಾಳೆಯೊಳಗೆ ಇದು ಹೋಗದಿದ್ರೆ ಪೊಲೀಸರಿಗೆ ದೂರು ಕೊಡ್ತೀನಿ. ಅಡ್ಮಿನ್ನೇ ಜವಾಬ್ದಾರಿ."

ಅಡ್ಮಿನ್ ಅಂದರೆ ವೆಂಕಟರಮಣ. ಬೇರೆ ಯಾರೂ ಇರಲಿಲ್ಲ.

ಸತ್ತವನ ಹೆಸರಲ್ಲಿ ಪೊಲೀಸು! ಕೆಳಗೆ ಗೇಟು ಕಿರ್ ಅಂದಾಗಲೆಲ್ಲ ಕಿಟಕಿಗೆ ಓಡಿದಳು. ಮಗಳಿಗೆ ಫೋನ್ ಮಾಡಿದಳು.

"ಅಮ್ಮಾ, ವಿಟ್ಟೇಕ್ಕು" ಅಂದಳು ಪ್ರತೀಕ್ಷಾ. ಬಿಟ್ಟುಬಿಡು ಅನ್ನೋದಕ್ಕೆ ಅವಳ ಬಾಯಿಗೆ ಬರೋದು ಮಲಯಾಳವೇ. "ಸತ್ತವರನ್ನ ಯಾರು ಹಿಡೀತಾರೆ? ಆ ಗ್ರೂಪಿಂದ ಹೊರಗೆ ಬಾ. ನಂಬರ್ ಕ್ಯಾನ್ಸಲ್ ಮಾಡಿಸ್ತೀನಿ."

"ಹೊರಗೆ ಬಂದ್ರೆ ಓಡಿಹೋದ ಅಂತಾರೆ ಕಣೆ ನಿಮ್ಮಪ್ಪನ್ನ. ನಾಳೆ ನಾನು ಬಿದ್ರೆ ನನ್ನ ಇಳಿಸೋರು ಯಾರು?"



ಚಂದ್ರಮ್ಮ ಫೋನಿನಲ್ಲಿ ಹಿಂದಕ್ಕೆ ಸರಿಸುತ್ತ ಹೋದಳು. ಆಗ ಕಂಡಿತು. "ಈ ಸಂದೇಶವನ್ನು ನೀವು ಅಳಿಸಿದ್ದೀರಿ." ಮೇಲೆ ಕಳಿಸಿದವರ ಹೆಸರು, ಹೆಚ್ಚಾಗಿ ಮೋಹನನದೇ. ಮತ್ತೆ ಅದೇ. ದಿನಾ ಮೂರು, ಕೆಲವು ದಿನ ಎಂಟು, ಹತ್ತು. ಎಲ್ಲ ಬೆಳಗಿನ ಐದೂವರೆ, ಆರಕ್ಕೆ ಬಂದವು. ಜನ ಏಳೋ ಮೊದಲೇ ಕಸ ತೆಗೆಯುತ್ತಿದ್ದ ಮುಠ್ಠಾಳ. ಒಂದು ಮಾತೂ ಹೇಳಿರಲಿಲ್ಲ. ಅವಳು ಪೋಲಿ ವಿಡಿಯೋ ನೋಡ್ತಾನೇನೋ ಅಂದುಕೊಂಡಿದ್ದಳು.

ಮೋಹನನಿಗೆ ಫೋನ್ ಮಾಡಿದಳು.

"ಅದನ್ನ ತೆಗೀಪ್ಪಾ."

"ಅತ್ತಿಗೆ, ಅದರಲ್ಲಿರೋದು ಸತ್ಯ. ನಿಮಗೆ ಗೊತ್ತಾಗಲ್ಲ."

"ಗೊತ್ತಾಗಲ್ಲ. ಸತ್ಯ ಆದ್ರೆ ನಿನ್ನ ಬಾಗಿಲಿಗೆ ಅಂಟಿಸ್ಕೋ. ನನ್ನ ಗಂಡನ ಹೆಸರಿಗೆ ಯಾಕೆ ಮೆತ್ತುತೀಯ?"

"ಅಣ್ಣಾವ್ರು ಇದ್ದಿದ್ರೆ ನನ್ನ ಪರವೇ ಇರ್ತಿದ್ರು."

"ಇದ್ದಾಗ ನಿನ್ನದೇ ಜಾಸ್ತಿ ಅಳಿಸಿದ್ದು. ಎಣಿಸಲಾ?"

ಅವನು ಫೋನ್ ಇಟ್ಟುಬಿಟ್ಟ. ವಿಡಿಯೋ ಮಾತ್ರ ತೆಗೆಯಲಿಲ್ಲ.

ಎರಡು ದಿನ ದಾಟಿದರೆ ಅಡ್ಮಿನ್ನೂ ಅಳಿಸೋಕಾಗಲ್ಲ ಅಂತ, ಮತ್ತೆ ಕೇಳಿದಾಗ ಮಗಳು ಹೇಳಿದ್ದಳು. ಆಗಲೇ ಒಂದೂವರೆ ದಿನ ಆಗಿತ್ತು. ಚಂದ್ರಮ್ಮ ಆ ವಿಡಿಯೋ ಮೇಲೆ ಹೆಬ್ಬೆರಳು ಒತ್ತಿ ಹಿಡಿದಳು. ಏನೇನೋ ಬಂತು. ಕಸದ ಬುಟ್ಟಿಯ ಚಿತ್ರ ಮುಟ್ಟಿದಳು. ಎಲ್ಲರಿಗೂ ಅಳಿಸಲಾ ಅಂತ ಕೇಳಿತು. ಕಣ್ಣು ಮುಚ್ಚಿ ಒತ್ತಿದಳು.

ಎಲ್ಲರ ಫೋನಿನಲ್ಲೂ ಅಡ್ಮಿನ್ ವೆಂಕಟರಮಣ ಅಳಿಸಿದ್ದಾರೆ ಅಂತ ಬಿತ್ತು. ಗ್ರೂಪು ಬೆಚ್ಚಿತು. "ಯಾರಿದು? ಅವರು ಹೋದರಲ್ಲ!"

ಅರ್ಧ ಗಂಟೆ ಕೂತು ಅವಳು ಬರೆದಳು. "ನಾನು ಅವರ ಹೆಂಡ್ತಿ. ಮೋಹನ ವಿಕಾಸ್ ಇಬ್ಬರೂ ಸೇರಿ ಹೊತ್ತಿದ್ದೀರಿ. ಜಗಳ ಬೇಡ."

ವಿಕಾಸ್ ದೂರು ಕೊಡಲಿಲ್ಲ. ಮೋಹನ ಎಂಟು ದಿನ ಮುನಿಸಿಕೊಂಡ. ಒಂಬತ್ತನೇ ದಿನ ಇನ್ನೊಂದು ಹಾಕಿದ.

ಮೊದಮೊದಲು ಅವಳು ಕೆಂಪು ಅಕ್ಷರ ಕಂಡರೆ ಜಗಳದ್ದೇ ಅಂತ ಓದದೇ ಅಳಿಸುತ್ತಿದ್ದಳು. ಒಂದು ದಿನ ವಿಕಾಸ್ ಫೋನ್ ಮಾಡಿ ಕೂಗಾಡಿದ. "ಚಂದ್ರಮ್ಮನೋರೇ, ಅದು ಆಪರೇಷನ್ನಿಗೆ ರಕ್ತ ಬೇಕು ಅಂತ ಹಾಕಿದ್ದು!" ಮತ್ತೆ ಹಾಕಿದರು, ರಕ್ತವೂ ಸಿಕ್ಕಿತು. ಆದರೆ ಅವತ್ತು ಅವಳಿಗೆ ಅನ್ನ ಇಳಿಯಲಿಲ್ಲ.

ಅದರ ಮೇಲೆ ಎಲ್ಲವನ್ನೂ ಕೊನೆತನಕ ಓದುತ್ತಾಳೆ. ಐದಕ್ಕೆ ಎದ್ದು, ಮುಖ ತೊಳೆದು, ಅವನ ಕನ್ನಡಕ ಹಾಕಿಕೊಂಡು ಅಡಿಗೆಮನೆ ಕಟ್ಟೆ ಹತ್ತಿರ ಕೂರುತ್ತಾಳೆ. ಬೆರಳಿಟ್ಟು ಒಂದೊಂದೇ ಅಕ್ಷರ. ಇವತ್ತು ಹನ್ನೊಂದು ಬಂದಿದ್ದವು. ಎರಡು ಅಳಿಸಿದಳು. ಏಳು ಬರೀ ಶುಭೋದಯ, ಒಂದು ಮದುವೆ ಕರೆ. ಇನ್ನೊಂದು ಉದ್ದದ್ದು, ಒಳ್ಳೇದೋ ಕೆಟ್ಟದ್ದೋ ತಿಳಿಯುತ್ತಿಲ್ಲ. ಮತ್ತೆ ಮೊದಲಿಂದ ಓದುತ್ತಿದ್ದಾಳೆ.