ಒಂದು ಮನೆ ಆಚೆಗೆ ನಿಂತ ಕರ್ಸರ್

ಚಾಚಕ್ ಊರಿನ ಬಸ್ ಕಂಪನಿಯೊಂದರ ವೇಳಾಪಟ್ಟಿ ಕಚೇರಿಯಲ್ಲಿ ರಾಡೊಯ್ಕಾ ಕೂತು ಇಪ್ಪತ್ತೊಂಬತ್ತು ವರ್ಷ. ಸೊಂಟ ಹಿಡಿದಿದೆ, ಕಾಲು ಊದಿದೆ, ಕೆಲಸ ಮಾತ್ರ ಕೈಬಿಟ್ಟಿಲ್ಲ. ಬಿಟ್ಟರೆ ಫೋನ್ ಎತ್ತುವ ಕೋಣೆಯೇ ಗತಿ. ಅಲ್ಲಿ ಕೂತು ಬಸ್ ತಪ್ಪಿಸಿಕೊಂಡವರ ಬೈಗುಳ ಕೇಳುತ್ತ ನಿವೃತ್ತಿಗೆ ಕಾಯಬೇಕು.

ಆ ಕೋಣೆ ಈಗ ಹತ್ತಿರ ಬಂದಿತ್ತು. ಒಂದೇ ತಿಂಗಳಲ್ಲಿ ಅವಳ ಕೈಯಿಂದ ಎರಡು ಸಲ ತಪ್ಪು ಪಟ್ಟಿ ಹೊರಬಿತ್ತು. ಉಜಿತ್ಸೆಗೆ ಹೋಗುವವರು ಬೆಳಗಿನ ಚಳಿಯಲ್ಲಿ ಇಲ್ಲದ ಬಸ್ಸಿಗೆ ಕಾದು ನಿಂತರು.

ಮೇಲ್ವಿಚಾರಕ ಓಗ್ನ್ಯೆನ್ ಅವಳ ಮಗನ ವಯಸ್ಸಿನವನು. ಮೇಜಿನ ತುದಿಗೆ ಒರಗಿ ನಿಂತ.

"ಕಣ್ಣು ತೋರಿಸ್ಕೊಳ್ಳಿ ಮೇಡಂ. ಕಣ್ಣಿನ ದೋಷ ಅಂತ ಮೇಲಿನವ್ರಿಗೆ ಬರ್ದಿದೀನಿ. ಮೂರನೇದಾದ್ರೆ ನನ್ ಕೈಲಿ ಏನೂ ಇರಲ್ಲ."

"ಕಣ್ಣು ನೆಟ್ಟಗಿದೆ. ನಿಮ್ ಹೊಸ ಎಡಿಟರ್ ಸಾಫ್ಟ್‌ವೇರ್ ಸೊಟ್ಟಗಿದೆ."

"ಉಳಿದ ಹನ್ನೊಂದು ಜನ ಅದ್ರಲ್ಲೇ ಕೆಲಸ ಮಾಡ್ತಿದಾರೆ. ನಿಮಗೊಬ್ರಿಗೇ ಸೊಟ್ಟನಾ?"

ಅವನು ಹೋದ ಮೇಲೆ ಅವಳು ಪರದೆಯನ್ನೇ ದಿಟ್ಟಿಸಿದಳು. ಎಡಿಟರಿನೊಳಗಿನ ಟರ್ಮಿನಲ್‌ನಲ್ಲಿ, ಅಂದರೆ ಕಂಪ್ಯೂಟರಿಗೆ ಆದೇಶ ಟೈಪಿಸುವ ಕಿಟಕಿಯಲ್ಲಿ, ಪಟ್ಟಿ ಹೊರಡಿಸುವ ನಿನ್ನೆಯ ಆದೇಶವನ್ನು ಮತ್ತೆ ತಂದು, ಬಾಣದ ಕೀಲಿ ಒತ್ತುತ್ತ ಮಾರ್ಗದ ಅಂಕಿಯವರೆಗೆ ಹೋದಳು. ಕರ್ಸರ್ ಏಳರ ಮೇಲೆ ಮಿನುಗುತ್ತಿತ್ತು. ಅಳಿಸಿದರೆ ಹೋದದ್ದು ಪಕ್ಕದ ಅಂಕಿ. ಹೋದ ಅಂಕಿಯ ನೆರಳು ಪರದೆಯ ಮೇಲೆ ಹಾಗೇ ನಿಂತಿತ್ತು. ಹಾಳಾದ್ದು, ಕಣ್ಣೆದುರೇ ಸುಳ್ಳು ಹೇಳುತ್ತಿತ್ತು. ಎಡಿಟರಿನ ಹೊರಗೆ ಬೇರೆ ಕಿಟಕಿ ತೆರೆದು ಅದನ್ನೇ ಮಾಡಿದಳು. ಎಲ್ಲ ಸರಿ.

ಪಕ್ಕದ ಮೇಜಿನ ಸ್ರೆಟೆನ್ ಕಾಫಿ ಹೀರುತ್ತಿದ್ದ. ಅವಳು ಅವನತ್ತ ತಿರುಗಿದಳು.

"ಏಯ್, ನಿಂದೂ ಹಿಂಗೇ ಆಗುತ್ತಾ?"

"ನಾನ್ಯಾಕೆ ಹಳೇದನ್ನ ತಿದ್ದಲಿ? ಪ್ರತಿ ಸಲ ಪೂರ್ತಿ ಹೊಸದಾಗಿ ಬರೀತೀನಿ. ಸೋಮಾರಿ ಅಂತೀಯಲ್ಲ ನನ್ನ."

ಅವನ ಪರದೆಯಲ್ಲಿ ಸಾಲಿನ ಮೊದಲಿಗೆ ಎತ್ತಿದ ಮುಷ್ಟಿಯ ಪುಟ್ಟ ಇಮೋಜಿ ಚಿತ್ರವಿತ್ತು. ಅವಳದರಲ್ಲೂ ಇತ್ತು. ಹೋದ ವಸಂತದಲ್ಲಿ ಊಟದ ಬಿಡುವು ಕಿತ್ತುಕೊಳ್ಳಲು ಹೊರಟ ಕಂಪನಿಯ ಎದುರು ಮೂರು ದಿನ ಮೆಟ್ಟಿಲ ಮೇಲೆ ಕೂತು ಗೆದ್ದಾಗ ಹನ್ನೆರಡೂ ಜನ ಪರದೆಯ ಆದೇಶದ ಸಾಲಿಗೆ ಈ ಮುಷ್ಟಿ ಅಂಟಿಸಿಕೊಂಡಿದ್ದರು. ಆಮೇಲೆ ಒಬ್ಬೊಬ್ಬರೇ ಸದ್ದಿಲ್ಲದೆ ತೆಗೆದರು. ಉಳಿದದ್ದು ಇವರಿಬ್ಬರದು. ತೆಗೆದ ಹತ್ತು ಜನರಿಗೆ ಎಡಿಟರ್ ಸೊಟ್ಟವಾಗಿರಲಿಲ್ಲ.

ರಾಡೊಯ್ಕಾ ಮುಷ್ಟಿ ಅಳಿಸಿದಳು. ಕರ್ಸರ್ ತನ್ನ ಜಾಗಕ್ಕೆ ಬಂದು ಕೂತಿತು. ಮತ್ತೆ ಹಾಕಿದಳು, ಒಂದು ಅಕ್ಷರದ ಮನೆ ಜಾರಿತು. ಆ ಚಿತ್ರಕ್ಕೆ ಎರಡು ಅಕ್ಷರದಷ್ಟು ಜಾಗ ಬೇಕು, ಎಡಿಟರಿನ ಟರ್ಮಿನಲ್ ಅದನ್ನು ಒಂದೆಂದೇ ಎಣಿಸುತ್ತಿತ್ತು.

ಓಗ್ನ್ಯೆನ್‌ನನ್ನು ಕರೆದು ಮುಷ್ಟಿ ಇದ್ದಾಗ, ಇಲ್ಲದಾಗ ಎರಡೂ ತೋರಿಸಿದಳು. ಅವನು ನಕ್ಕ.

"ನಿಮ್ ಹೋರಾಟಾನೇ ನಿಮ್ ಕಾಲಿಗೆ ಸಿಕ್ಕಿಹಾಕ್ಕೊಂಡಿದೆ. ತೆಗೀರಿ, ಮುಗೀತು."

"ತೆಗೀತೀನಿ. ನನಗೆ ಚಿತ್ರ ಬೇಡ, ಕುರ್ಚಿ ಬೇಕು. ಕಣ್ಣಿನ ದೋಷ ಅಂತ ಮೇಲಕ್ಕೆ ಬರ್ದಿದೀರಲ್ಲ, ಅದನ್ನ ಮೊದಲು ತಿದ್ದಿ."

"ಕಳಿಸಿ ಆಯ್ತು ಅದು."

"ಇನ್ನೊಂದು ಕಳಿಸಿ. ಇಲ್ಲೇ, ನನ್ನೆದುರಿಗೆ. ಎಡಿಟರ್ ದೋಷ ಅಂತ."

ಅವನು ಸ್ರೆಟೆನ್ ಕಡೆ ನೋಡಿದ. ಸ್ರೆಟೆನ್ ಲೋಟ ಕೆಳಗಿಟ್ಟು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಬೇರೆ ಮೇಜುಗಳಲ್ಲೂ ಕೀಲಿಗಳ ಸದ್ದು ನಿಂತಿತು. ಓಗ್ನ್ಯೆನ್ ನಿಂತುಕೊಂಡೇ ನಾಲ್ಕು ಸಾಲು ಬರೆದ. ಅವಳು ಎರಡು ಸಲ ಓದಿ, 'ಬಹುಶಃ' ಎಂಬ ಮಾತನ್ನು ಹೊಡೆದುಹಾಕಿಸಿ, ಕಳಿಸಲು ಬಿಟ್ಟಳು.

ಗೆದ್ದ ಸಂತೋಷವೇನೂ ಆಗಲಿಲ್ಲ. ಸೊಂಟ ನೋಯುತ್ತಿತ್ತು. ಮುಷ್ಟಿ ಅಳಿಸಿ, ಉಜಿತ್ಸೆಯ ಪಟ್ಟಿ ತೆರೆದಳು.