ಬಲಗಣ್ಣಿನ ಬಳೆಗಳು

ನಮ್ಮ ಮನೆಯಲ್ಲಿ ಕಾರು ಓಡಿಸುತ್ತಿದ್ದವಳು ನಾನು. ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ ಹಿಂದಿ ಟೀಚರ್ ಆಗಿದ್ದೇನೆ. ಐವತ್ತು ಹತ್ತಿರವಾದ ಮೇಲೆ ಹಟ ಹಿಡಿದು ಡ್ರೈವಿಂಗ್ ಕಲಿತೆ. ನಮ್ಮ ಯಜಮಾನರು ವಿದ್ಯುತ್ ಇಲಾಖೆಯಿಂದ ನಿವೃತ್ತರಾದವರು, ಸ್ಕೂಟರ್ ಬಿಟ್ಟು ಬೇರೆ ಗಾಡಿ ಮುಟ್ಟಿದವರಲ್ಲ.

ಕಣ್ಣಿನ ಪೊರೆ ಮೊದಲು ಬಂದದ್ದು ಅವರಿಗೆ. ಹಾಸನದಲ್ಲಿ ಎರಡೂ ಕಣ್ಣಿಗೆ ಆಪರೇಷನ್ ಆಯಿತು. ಸಾಧಾರಣ ಲೆನ್ಸ್ ಸಾಕು ಎಂದು ಅವರೇ ಹೇಳಿ ಹಾಕಿಸಿಕೊಂಡರು. ದೂರದ್ದೆಲ್ಲ ಚೆನ್ನಾಗಿ ಕಾಣುತ್ತಿತ್ತು, ಪೇಪರ್ ಓದಲು ಮಾತ್ರ ಕನ್ನಡಕ ಬೇಕಿತ್ತು. ಮಾರನೇ ವರ್ಷ ನನ್ನ ಸರದಿ ಬಂತು. ಕ್ಲಾಸಿನಲ್ಲಿ ಕೊನೇ ಬೆಂಚಿನ ಮಕ್ಕಳ ಮುಖಗಳು ಎಣ್ಣೆ ಕಾಗದದ ಆಚೆ ಇದ್ದ ಹಾಗೆ ಕಾಣುತ್ತಿದ್ದವು. ಉತ್ತರಪತ್ರಿಕೆ ತಿದ್ದಲು ಕೂತರೆ ಸಾಲು ಸಾಲಿನ ಮೇಲೆ ಬೀಳುತ್ತಿತ್ತು.

ಆಸ್ಪತ್ರೆಯಲ್ಲಿ ಲೆನ್ಸುಗಳ ಬಗ್ಗೆ ವಿವರಿಸಲು ಒಬ್ಬ ಹುಡುಗಿ ಇದ್ದಳು. ದುಬಾರಿ ಲೆನ್ಸ್ ಹಾಕಿಸಿಕೊಂಡರೆ ದೂರದ್ದು, ಹತ್ತಿರದ್ದು ಎರಡೂ ಕಾಣುತ್ತದೆ, ಬಹುಪಾಲು ಕನ್ನಡಕವೇ ಬೇಡ ಎಂದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, "ಮೇಡಂ, ರಾತ್ರಿ ಹೊತ್ತು ಗಾಡಿ ಓಡಿಸ್ತೀರಾ?"

ಕಣ್ಣಿಗೆ ಸೂಜಿ ಹಾಕುತ್ತಾರೋ ಇಲ್ಲವೋ ಎಂಬ ಯೋಚನೆಯಲ್ಲೇ ನಾನು ಮುಳುಗಿದ್ದೆ. ಉತ್ತರ ಕೊಟ್ಟವರು ಇವರು. "ರಾತ್ರಿ ನಾವೆಲ್ಲಿ ಓಡಾಡ್ತೀವಮ್ಮ? ಒಳ್ಳೇದೇ ಹಾಕ್ಸಿ. ನಂಗೆ ಹೆಂಗೋ ನಡೀತದೆ, ಇವ್ಳು ಮೇಷ್ಟ್ರು. ಬೋರ್ಡೂ ಕಾಣ್ಬೇಕು, ಪುಸ್ತಕಾನೂ ಕಾಣ್ಬೇಕು."

ಅವರು ಅದನ್ನು ಹೇಳಿದ ರೀತಿಯಲ್ಲಿ ಎಷ್ಟು ಅಕ್ಕರೆ ಇತ್ತೆಂದರೆ ನಾನು ತಲೆಯಾಡಿಸಿದೆ.

ಬಲಗಣ್ಣಿಗೆ ಆಪರೇಷನ್ ಆಯಿತು. ಮಾರನೇ ದಿನ ಪಟ್ಟಿ ಬಿಚ್ಚಿದಾಗ ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ, ನಕ್ಷತ್ರದ ಸಣ್ಣಕ್ಷರ ಕೂಡ ಕನ್ನಡಕವಿಲ್ಲದೆ ಓದಿದೆ. ಇವರ ಖುಷಿ ಹೇಳತೀರದು. ಬೀದಿಯಲ್ಲಿ ಸಿಕ್ಕವರಿಗೆಲ್ಲ ಅದೇ ಸುದ್ದಿ.

ಡಾಕ್ಟರ್ ಹೇಳಿದ ಹಾಗೆ ಮನೆಯೊಳಗೇ ಇದ್ದು ಡ್ರಾಪ್ಸ್ ಹಾಕಿಕೊಂಡೆ. ಒಂದು ಸಂಜೆ ತುಳಸಿಗೆ ದೀಪ ಇಟ್ಟು ತಲೆಯೆತ್ತಿದಾಗ ಬೀದಿ ದೀಪದ ಸುತ್ತ ಬಳೆಗಳು ಕಂಡವು. ಒಂದರ ಹೊರಗೆ ಇನ್ನೊಂದು, ಜೋಡಿಸಿಟ್ಟ ಗಾಜಿನ ಬಳೆಗಳ ಹಾಗೆ. ಕಣ್ಣು ಒರೆಸಿಕೊಂಡು ನೋಡಿದೆ. ಹಾಗೇ ಇದ್ದವು. ಬಲಗಣ್ಣು ಮುಚ್ಚಿ ನೋಡಿದರೆ ಬರೀ ಮಂಜು, ಎಡಗಣ್ಣು ಮುಚ್ಚಿದರೆ ಬಳೆಗಳು. ಗಾಯ ಮಾಗುತ್ತಿದೆ, ಅದಕ್ಕಿರಬೇಕು ಎಂದು ಸಮಾಧಾನ ಮಾಡಿಕೊಂಡೆ.

ವಾರಗಳು ಕಳೆದರೂ ಬಳೆಗಳು ಹೋಗಲಿಲ್ಲ. ಅಡುಗೆಮನೆಯ ಮಂದ ಬೆಳಕಿನಲ್ಲಿ ಬೇಳೆಯೊಳಗಿನ ಕಲ್ಲು ಬೇಳೆಯ ಬಣ್ಣದಲ್ಲೇ ಸೇರಿಹೋಗುತ್ತಿತ್ತು. ಸಂಜೆಯಾದರೆ ಏನಾದರೂ ನೆಪ ಮಾಡಿಕೊಂಡು ಗೇಟಿನ ಹತ್ತಿರ ಹೋಗುತ್ತಿದ್ದೆ. ಇವತ್ತು ಕಮ್ಮಿಯಾಗಿದೆಯೇ ಎಂದು ದೀಪ ನೋಡಿ ಒಳಗೆ ಬರುತ್ತಿದ್ದೆ. ಇವರಿಗೆ ಹೇಳಲು ಬಾಯಿ ಬರಲಿಲ್ಲ. ತಾವು ಕಡಿಮೆಯದು ಹಾಕಿಸಿಕೊಂಡು ನನಗೆ ಒಳ್ಳೆಯದು ಕೊಡಿಸಿದವರು. ಅದೇ ಕೈಕೊಟ್ಟಿತು ಎಂದು ಹೇಗೆ ಹೇಳುವುದು? ಎಡಗಣ್ಣಿಗೂ ಅದೇ ಹಾಕಿಸಬೇಕೆಂದು ಇವರು ದಿನ ಗೊತ್ತುಮಾಡಲು ಹೊರಟಾಗಲೆಲ್ಲ "ಪರೀಕ್ಷೆ ಮುಗೀಲಿ" ಎಂದು ತಳ್ಳುತ್ತಿದ್ದೆ.

ಅರೇಹಳ್ಳಿಯಲ್ಲಿ ನನ್ನ ತಮ್ಮನ ಮನೆಯ ಗೃಹಪ್ರವೇಶ ಬಂತು. ಹಗಲು ಗಾಡಿ ಓಡಿಸುವುದಕ್ಕೆ ಡಾಕ್ಟರ್ ಒಪ್ಪಿದ್ದರು, ನಾನೇ ಓಡಿಸಿಕೊಂಡು ಹೋದೆ. ಊಟವಾದ ಕೂಡಲೇ ಹೊರಡಬೇಕೆಂದುಕೊಂಡಿದ್ದೆ. ನೆಂಟರು ಬಿಡಲಿಲ್ಲ. ಬೇಲೂರು ದಾಟುವಾಗಲೇ ಬೆಳಕು ಇಳಿಯುತ್ತಿತ್ತು. ಹಳೇಬೀಡಿಗೆ ಇನ್ನೇನು ಬಂದೆವು ಅನ್ನುವಾಗ ಎದುರಿನಿಂದ ಒಂದು ಲಾರಿ ಬಂತು. ಅದರ ಎರಡು ದೀಪಗಳು ಹರಡಿ, ಬಳೆಗಳು ಒಂದರೊಳಗೊಂದು ಸೇರಿ, ರಸ್ತೆಯೇ ಕಾಣದಾಯಿತು. ರಸ್ತೆಯ ಅಂಚೆಲ್ಲಿ, ಅಂಚಿನಲ್ಲಿ ನಡೆಯುತ್ತಿದ್ದವರೆಲ್ಲಿ, ಒಂದೂ ತಿಳಿಯಲಿಲ್ಲ. ಅಂದಾಜಿನ ಮೇಲೆ ಎಡಕ್ಕೆ ತಿರುಗಿಸಿ ನಿಲ್ಲಿಸಿದೆ.

"ಯಾಕೇ, ಏನಾಯ್ತು?" ಎಂದರು ಇವರು.

"ನನ್ನ ಕೈಲಾಗಲ್ಲ ಕಣ್ರೀ. ದೀಪ ಕಂಡ್ರೆ ರಸ್ತೆ ಕಾಣಲ್ಲ."

"ಯಾವಾಗಿಂದ?"

"ಆಪರೇಷನ್ ಆದಾಗಿಂದ."

ರಸ್ತೆ ಖಾಲಿಯಾಗುವವರೆಗೆ ಕಾದು, ನಡೆಯುವಷ್ಟು ನಿಧಾನಕ್ಕೆ ಹಳೇಬೀಡಿನವರೆಗೆ ಬಂದು, ಪರಿಚಯದವರ ಅಂಗಡಿ ಮುಂದೆ ಕಾರು ನಿಲ್ಲಿಸಿ ಬಸ್ ಹತ್ತಿದೆವು. ಬಸ್ಸು ಅರ್ಧ ದಾರಿ ಬಂದ ಮೇಲೆ ಇವರು ಕಿಟಕಿ ನೋಡುತ್ತಲೇ ಹೇಳಿದರು, "ಆ ಹುಡುಗಿ ನಿನ್ನ ಕೇಳಿದ್ಳು. ನಾನ್ ಯಾಕೆ ಮಧ್ಯ ಬಾಯಿ ಹಾಕ್ದೆ?"

"ನಾನೂ ಸುಮ್ನಿದ್ದೆ."

"ಆಗ್ಲೇ ಹೇಳ್ಬಾರ್ದಿತ್ತಾ ನಂಗೆ? ಒಬ್ಳೇ ಇಟ್ಕೊಂಡು ಕೊರಗ್ತಿದ್ದೆಯಾ?"

ನನಗೆ ಅಳು ಬಂತು. ಪಕ್ಕದವರು ನೋಡುತ್ತಾರೆಂದು ಸೆರಗು ಬಾಯಿಗೆ ಹಿಡಿದು ಕೂತೆ.

ಮಾರನೇ ದಿನ ಹಗಲು ಹೊತ್ತಿನಲ್ಲಿ ಹೋಗಿ ಕಾರು ತಂದೆವು. ಅದೇ ವಾರ ಹಾಸನಕ್ಕೆ ಹೋದೆವು. ಡಾಕ್ಟರಮ್ಮ ಕಣ್ಣನ್ನು ಎಲ್ಲ ರೀತಿಯಲ್ಲೂ ಪರೀಕ್ಷಿಸಿ, ಲೆನ್ಸ್ ಕೂತ ಜಾಗ ಸರಿಯಾಗಿದೆ, ಕಣ್ಣೊಳಗೆ ಬೇರೆ ತೊಂದರೆಯೂ ಇಲ್ಲ ಎಂದರು. "ಈ ಲೆನ್ಸು ಬೆಳಕನ್ನ ಪಾಲು ಮಾಡುತ್ತೆ. ಒಂದು ಪಾಲು ದೂರಕ್ಕೆ, ಒಂದು ಪಾಲು ಹತ್ತಿರಕ್ಕೆ. ಅದಕ್ಕೇ ನೀವು ಕನ್ನಡಕ ಇಲ್ದೆ ಓದೋದು. ಕತ್ತಲಲ್ಲಿ ದೂರದ ದೀಪ ನೋಡುವಾಗ ಆ ಇನ್ನೊಂದು ಪಾಲು ಬಳೆ ಥರ ಕಾಣುತ್ತೆ."

"ತೆಗೆದು ಬೇರೆ ಹಾಕೋಕೆ ಆಗಲ್ವಾ?" ಎಂದು ಕೇಳಿದೆ.

"ಆಗುತ್ತೆ. ಆದ್ರೆ ಮೊದಲಿನಷ್ಟು ಸಲೀಸಲ್ಲ. ಲೆನ್ಸ್ ಕೂತಿರೋ ಚೀಲ ಬಹಳ ತೆಳು, ಅದು ಹರಿಯೋ ಅಪಾಯ ಇದೆ. ಹೆಚ್ಚಿನ ಜನಕ್ಕೆ ಕೆಲವು ತಿಂಗಳಲ್ಲಿ ಮೆದುಳು ಹೊಂದ್ಕೊಳ್ಳುತ್ತೆ. ನಿಮಗೂ ಹಾಗೇ ಆಗುತ್ತೆ ಅಂತ ಮಾತು ಕೊಡಲಾರೆ. ಹಾಗಂತ ತುಂಬಾ ಕಾದರೆ ತೆಗೆಯೋದು ಇನ್ನೂ ಕಷ್ಟ."

ಕಾಯಲೂ ಭಯ, ತೆಗೆಸಲೂ ಭಯ. ಆ ತಿಂಗಳುಗಳನ್ನು ಹೇಗೆ ಕಳೆದೆನೋ. ಕ್ಲಾಸಿನಲ್ಲಿ ಪಾಠ ಮಾಡುತ್ತಾ ಮಾಡುತ್ತಾ, ಚೀಲ ಹರಿದರೆ ಏನು ಗತಿ ಎಂದು ನೆನಪಾಗಿ ವಾಕ್ಯ ಅರ್ಧಕ್ಕೆ ನಿಲ್ಲುತ್ತಿತ್ತು. ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಈಗ ಸಂಜೆ ಗೇಟಿನ ಹತ್ತಿರ ನನ್ನ ಜೊತೆ ಇವರೂ ಬಂದು ನಿಲ್ಲುತ್ತಿದ್ದರು. "ಹೆಂಗೈತೆ ಇವತ್ತು?" ಎಂದು ಕೇಳುತ್ತಿದ್ದರು. ಹಾಗೇ ಇದೆ ಎಂದರೆ ಒಳಗೆ ಹೋಗಿ ಕಾಫಿಗೆ ಇಡುತ್ತಿದ್ದರು.

ನಿಧಾನವಾಗಿ ಬಳೆಗಳು ತೆಳುವಾದವು. ಹೋಗಲಿಲ್ಲ, ತೆಳುವಾದವು. ಬಲಗಣ್ಣನ್ನು ಮತ್ತೆ ಮುಟ್ಟುವುದು ಬೇಡ ಎಂದು ನಿರ್ಧರಿಸಿದೆವು. ಎಡಗಣ್ಣಿಗೆ ಸಾಧಾರಣ ಲೆನ್ಸ್ ಎಂದು ನಾನೇ ಡಾಕ್ಟರಿಗೆ ಹೇಳಿದೆ. ಎರಡು ಕಣ್ಣಿಗೆ ಎರಡು ಥರದ ಲೆನ್ಸ್, ಹೊಂದಿಕೊಳ್ಳಲು ಸ್ವಲ್ಪ ದಿನ ಬೇಕಾಗಬಹುದು ಎಂದರು. ಆಪರೇಷನ್ ಟೇಬಲ್ ಮೇಲೆ ಮಲಗಿದಾಗ ಮೊದಲ ಸಲಕ್ಕಿಂತ ಹೆಚ್ಚು ಹೆದರಿದ್ದೆ. ಮೊದಲ ಸಲ ಏನೂ ಗೊತ್ತಿರಲಿಲ್ಲವಲ್ಲ.

ಎಡಗಣ್ಣಿನ ಪಟ್ಟಿ ಬಿಚ್ಚಿದ ಸಂಜೆ ಬಲಗಣ್ಣು ಮುಚ್ಚಿಕೊಂಡು ಬೀದಿ ದೀಪ ನೋಡಿದೆ. ಬರೀ ದೀಪ ಕಂಡಿತು. ಎರಡೂ ಕಣ್ಣು ತೆರೆದರೆ ಅದರ ಸುತ್ತ ಮಾಸಿದ ಗೆರೆಯಂಥದೊಂದು. ಇದ್ದುಕೊಳ್ಳಲಿ ಎನಿಸಿತು. ಈಗ ಪೇಪರ್ ಬೇಕಾದರೆ ಕನ್ನಡಕವಿಲ್ಲದೆ ಓದುತ್ತೇನೆ. ಕತ್ತಲಾದ ಮೇಲೆ ಸ್ಟೀರಿಂಗ್ ಮುಟ್ಟುವ ಧೈರ್ಯ ಮಾತ್ರ ಬಂದಿಲ್ಲ.

ಒಂದು ಬೆಳಿಗ್ಗೆ ಇವರು ಯಾರಿಗೂ ಹೇಳದೆ ಡ್ರೈವಿಂಗ್ ಸ್ಕೂಲಿಗೆ ಸೇರಿಕೊಂಡು ಬಂದರು. "ನಿನ್ ಕಣ್ಣಿಗಾಗ್ದಿದ್ರೆ ನನ್ ಕಣ್ಣಿಗಾಗ್ತದೆ. ನನ್ನದು ಸಾದಾ ಲೆನ್ಸು, ರಾತ್ರಿ ಚೆನ್ನಾಗಿ ಕಾಣ್ತದೆ" ಎಂದರು. ಅರವತ್ತು ದಾಟಿದ ಮೇಲೆ ಕ್ಲಚ್ಚು, ಗೇರು. ಒಂದು ಸಲ ಟೆಸ್ಟ್ ಫೇಲಾಗಿ, ಎರಡನೇ ಸಲ ಲೈಸೆನ್ಸ್ ತಂದರು.

ಮೊನ್ನೆ ಬೇಲೂರಿನಿಂದ ಸಂಜೆ ವಾಪಸ್ ಬರುವಾಗ ಅವರೇ ಓಡಿಸಿದರು. ಎದುರು ಬಸ್ಸು ಬಂದಾಗಲೆಲ್ಲ ನಾನು ಬಾಗಿಲ ಹಿಡಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ.

"ಸ್ವಲ್ಪ ನಿಧಾನ ರೀ" ಎಂದೆ.

"ಇದಕ್ಕಿಂತ ನಿಧಾನ ಹೋದ್ರೆ ಇಳಿದು ತಳ್ಬೇಕಾಗ್ತದೆ ಕಣೇ" ಎಂದರು, ರಸ್ತೆಯಿಂದ ಕಣ್ಣು ತೆಗೆಯದೆ.